ಗುಬ್ಬಿಯ ತೊಂಬತ್ತನಾಲ್ಕು

ಮೊಣಕಾಲು ಗದ್ದಕ್ಕೇ ತಾಗುತ್ತದೆ ಈ ಕುರ್ಚಿಯಲ್ಲಿ, ಏಳು ವರ್ಷದ ಮಕ್ಕಳಿಗೆಂದು ಮಾಡಿದ್ದು, ಗುಬ್ಬಿಯ ಅಮ್ಮ ಟೀಚರ ಎದುರು ಕೂತದ್ದೇ ಕಿರ್ ಎಂದಿತು, ಮುರಿದರೆ ಮಾನ ಹೋಯಿತು — ಹೋಗಲಿಕ್ಕೆ ಇನ್ನೇನು ಉಳಿದಿದೆ, ಹೋದ ವಾರ ಬಸ್ ಡಿಪೋದಲ್ಲೇ ಎಲ್ಲ ಹೋಯಿತಲ್ಲ, ಸ್ಟಿಯರಿಂಗ್ ಹಿಡಿಯುವ ಕೈಯಲ್ಲಿ ಸಿಹಿ ಡಬ್ಬ ಹಿಡಿದು ಹಂಚಿದ್ದೇ ಹಂಚಿದ್ದು, ಓದೋ ಪರೀಕ್ಷೇಲಿ ನೂರಕ್ಕೆ ತೊಂಬತ್ತನಾಲ್ಕು ಕಣ್ರೀ, ನಮ್ಮ ಗುಬ್ಬಿಗೆ! ಕಂಡಕ್ಟರ್ ಎರಡು ತಿಂದ, ಮೂರನೆಯದಕ್ಕೆ ಕೈ ಹಾಕುತ್ತ ಹೇಳಿದ, ಅಕ್ಕಾ, ನನ್ನ ಮಗನಿಗೆ ನೂರಹನ್ನೆರಡು. ನೂರಕ್ಕೆ ನೂರಹನ್ನೆರಡು ಹೇಗಪ್ಪಾ ಬರತ್ತೆ, ತಲೆ ಕೆಟ್ಟಿದ್ಯಾ ನಿಂಗೆ? ಮೊದಲು ನಕ್ಕವಳು ಅವಳೇ, ಆಮೇಲೆ ನಕ್ಕವರು ಉಳಿದವರೆಲ್ಲ. ಕಂಡಕ್ಟರೇ ಬಿಡಿಸಿ ಹೇಳಿದ, ಅದು ನೂರಕ್ಕೆ ಇಷ್ಟು ಎಂಬ ಲೆಕ್ಕವೇ ಅಲ್ಲವಂತೆ, ಆ ವಯಸ್ಸಿನ ಮಗು ಮುಟ್ಟಬೇಕೆಂದು ಎಳೆದ ಗೆರೆಗೇ ನೂರು ಎಂದು ಹೆಸರಂತೆ, ಅಂದರೆ ಗುಬ್ಬಿ ಗೆರೆಯ ಕೆಳಗೆ, ಅಂದರೆ ತಾನು ಇಡೀ ಡಿಪೋಗೆ ಸಿಹಿ ಹಂಚಿದ್ದು ಮಗಳು ಹಿಂದೆ ಬಿದ್ದಿದ್ದಾಳೆಂದು. ಡಬ್ಬದಲ್ಲಿ ಉಳಿದದ್ದನ್ನು ಮನೆಗೆ ತರಲು ಮನಸ್ಸು ಬರಲಿಲ್ಲ.

ಬಾಗಿಲ ಸಂದಿಯಲ್ಲಿ ಗುಬ್ಬಿಯ ಒಂದು ಶೂ ಕಾಣುತ್ತಿದೆ, ಹೊರಗೆ ಕೂತಿದ್ದಾಳೆ, ಒಳಗೆ ಏನಾಗುತ್ತದೆಂದು ಗೊತ್ತು ಅವಳಿಗೆ, ಅತ್ತೆ ಅವಳ ಎದುರಿಗೇ ಅಂದರಲ್ಲ, ಇನ್ನೊಂದು ವರ್ಷ ಇದೇ ಕ್ಲಾಸಲ್ಲಿ ಕೂರಿಸು, ಗಟ್ಟಿಯಾಗ್ಲಿ, ಮತ್ತೆ ಮಗು ಕೇಳಿತು, ಅಮ್ಮ, ಅವರೆಲ್ಲ ಮುಂದಿನ ರೂಮಿಗೆ ಹೋಗ್ತಾರಾ, ನಾನೊಬ್ಳೇ ಇಲ್ಲೇ ಇರ್ತೀನಾ? ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತು ನಾಲಿಗೆಯ ತುದಿಯಲ್ಲೇ ಇದೆ, ಟೀಚರ್, ಇವಳನ್ನ ಇಲ್ಲೇ ಉಳಿಸ್ಕೊಳ್ಳಿ — ಒಂದ್ನಿಮಿಷ ಇರಿ, ಇದನ್ನ ನೋಡಿ, ಎಂದು ಟೀಚರ್ ಕಂಪ್ಯೂಟರನ್ನು ಇತ್ತ ತಿರುಗಿಸುತ್ತಾಳೆ, ಪರದೆಯ ತುಂಬ ಚುಕ್ಕೆಗಳು, ಯಾರೋ ರವೆ ಚೆಲ್ಲಿದ ಹಾಗೆ, ಒಂದೊಂದು ಚುಕ್ಕೀನೂ ಒಂದೊಂದು ಮಗು, ಇವ್ರೆಲ್ಲ ಎರಡು ವರ್ಷದ ಹಿಂದೆ ನಿಮ್ಮ ಮಗಳು ಎಲ್ಲಿದ್ಳೋ ಅಲ್ಲಿಂದಲೇ ಹೊರಟವರು.

ಎರಡು ವರ್ಷದ ಹಿಂದೆ — ಕಿವಿಯೊಳಗೆ ನೀರು ತುಂಬಿ ಅರ್ಧಕ್ಕರ್ಧ ಮಾತು ಕೇಳಿಸದೆ, ಹೆಸರು ಕರೆದರೆ ತಿರುಗದೆ, ಒಂದಕ್ಷರವೂ ಗುರುತಿಸದೆ ಕೂತಿದ್ದ ಗುಬ್ಬಿ. ಅಲ್ಲಿಂದ ಹೊರಟ ಮಕ್ಕಳು ಸಾಮಾನ್ಯವಾಗಿ ಎಂಬತ್ತೈದರ ಹತ್ರ ಮುಟ್ತಾರೆ, ಟೀಚರ ಬೆರಳು ಗುಂಪಿನ ಮೇಲೆ ಆಡುತ್ತದೆ, ಎಲ್ಲಿಗೆ ಬಂದ್ರು ಅನ್ನೋದು ಒಂದು ಅಳತೆ, ಎಲ್ಲಿಂದ ಬಂದ್ರು ಅನ್ನೋದು ಇನ್ನೊಂದು. ಅಯ್ಯೋ, ಪ್ರಯಾಣಿಕರು ಇಳಿದದ್ದನ್ನು ಮಾತ್ರ ನೋಡಿದರೆ ಆಯಿತೇ, ಹತ್ತಿದ್ದೆಲ್ಲಿ ಎಂದು ಕೇಳಬೇಡವೇ, ದಿನಾ ಬಸ್ಸು ಓಡಿಸುವ ತನಗೆ ಇದು ಹೊಳೆಯಲಿಲ್ಲವಲ್ಲ. ನನ್ನ ಮಗಳು ಎಲ್ಲಿದಾಳೆ ಇದ್ರಲ್ಲಿ? ಬೆರಳು ಗುಂಪನ್ನು ಬಿಟ್ಟು ಮೇಲೇರುತ್ತದೆ, ಇನ್ನೂ ಮೇಲೆ, ಒಂದು ಚುಕ್ಕೆಯ ಮೇಲೆ ನಿಲ್ಲುತ್ತದೆ. ಸುಳ್ಳು ಹೇಳಲ್ಲ, ನೂರರ ಗೆರೆ ಇನ್ನೂ ಸ್ವಲ್ಪ ದೂರ ಇದೆ, ಒಂದು ಪರೀಕ್ಷೆಯಿಂದ ಎಲ್ಲಾ ಗೊತ್ತಾಗೋದೂ ಇಲ್ಲ, ಆದ್ರೆ ಇದನ್ನ ನೋಡಿ ನಾನೇ ಬೆರಗಾದೆ.

ಯಾವಾಗ ಹತ್ತಿದಳು ಇಷ್ಟನ್ನು, ತಾನು ಊರೆಲ್ಲ ಸುತ್ತುತ್ತಿದ್ದಾಗ — ಬೆಳಿಗ್ಗೆ ತಲೆ ಬಾಚುವಾಗ ತಿರುಗಿ ತಿರುಗಿ ಅಮ್ಮನ ತುಟಿಯನ್ನೇ ನೋಡುತ್ತಿದ್ದಳು, ಇನ್ನೊಂದ್ಸಲ ಹೇಳು, ಮೆಲ್ಲಗೆ ಹೇಳು, ಆಟವೆಂದುಕೊಂಡು ಕತ್ತು ಹಿಡಿದು ಮುಂದಕ್ಕೆ ತಿರುಗಿಸುತ್ತಿದ್ದಳಲ್ಲ ತಾನು, ಆಟವಲ್ಲ ಅದು, ಮಗು ಅಕ್ಷರ ಕಲಿಯುತ್ತಿತ್ತು ತನ್ನ ತುಟಿಯಿಂದ, ಏನೋ ಹೇಳ್ಬೇಕು ಅಂತಿದ್ರಿ ಎನ್ನುತ್ತಾಳೆ ಟೀಚರ್, ಹ್ಞಾಂ, ಏನಿಲ್ಲ, ಮುಂದಿನ ಕ್ಲಾಸಿಗೇ ಕಳಿಸಿ, ಅವಳು ಹೋಗ್ತಾಳೆ, ಎಂದದ್ದು ತನ್ನ ದನಿಯೇ, ಅತ್ತೆಗೆ ಏನಾದರೂ ಹೇಳಿದರಾಯಿತು, ಕಂಡಕ್ಟರ್‌ಗೆ — ಅವನಿಗೇನು ಹೇಳುವುದು, ಆ ಚುಕ್ಕೆ, ಎಳ್ಳಿನಷ್ಟೂ ಇಲ್ಲ, ಗುಂಪೆಲ್ಲ ಕೆಳಗೆ ಉಳಿದಿದೆ, ಸುತ್ತ ಬರೀ ಬಿಳುಪು, ಯಾರೂ ಇಲ್ಲ, ಆ ಚುಕ್ಕೆ, ಅಷ್ಟು ಮೇಲೆ, ಒಂದೇ ಒಂದು, ಆ ಚುಕ್ಕೆ