ಬ್ರೀಡಾಳ ಮನೆಯ ಕುಳ್ಳು

ವಿರೇಶ ಹೇಳಿದ್ದನ್ನು ಗೊರೇಬಾಳದಲ್ಲಿ ಯಾರೂ ಅರ್ಧಕ್ಕಿಂತ ಹೆಚ್ಚು ನಂಬುವುದಿಲ್ಲ. ಈ ಕಥೆಯನ್ನು ಮಾತ್ರ ಪೂರ್ತಿ ನಂಬಬಹುದು, ಯಾಕೆಂದರೆ ಇದರಲ್ಲಿ ಮಂಗ್ಯಾ ಆದವನು ಅವನೇ.

“ಏನಂದಳಲೇ ಆಕಿ?” ಎಂದು ಅವನ ಸೋದರತ್ತೆ ಕಸ್ತೂರೆಮ್ಮ ಕೇಳಿದಾಗ ಅವನ ಹಣೆಯ ಮೇಲೆ ಬೆವರು ಮೂಡಿತ್ತು. ಪಡಸಾಲೆಯಲ್ಲಿ ಮಣೆಯ ಮೇಲೊಂದು ನೀರಿನ ತಂಬಿಗೆ, ಅದಕ್ಕೆ ಆನಿಸಿಟ್ಟ ಫೋನು. ಫೋನಿನೊಳಗೆ ಕೆಂಪು ಗಲ್ಲದ, ಬಿಳಿಗೂದಲಿನ ಹೆಂಗಸೊಬ್ಬಳು ಒಂದೇ ಉಸಿರಿನಲ್ಲಿ ಮಾತಾಡಿ ಮುಗಿಸಿ, ಉತ್ತರಕ್ಕಾಗಿ ಇವರನ್ನೇ ನೋಡುತ್ತಿದ್ದಳು. ಅವಳು ಬ್ರೀಡಾ, ಐರ್ಲೆಂಡಿನ ಪಡುವಣ ಅಂಚಿನ ಮೇಯೋ ಸೀಮೆಯವಳು. ಅವಳ ಪಕ್ಕದಲ್ಲಿ ಎರಡೂ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಪರೀಕ್ಷೆಗೆ ಬಂದವನ ಹಾಗೆ ಕೂತ ಎತ್ತರದ ಹುಡುಗ ಅವಳ ಮಗ ಡೆಕ್ಲನ್. ಅವನ ಇನ್ನೊಂದು ಪಕ್ಕದಲ್ಲಿ ಉಣ್ಣೆಯ ಅಂಗಿಯ ಮೇಲೆ ಶಾಲನ್ನು ಸೆರಗಿನಂತೆ ಹೊದ್ದು ತಲೆ ತಗ್ಗಿಸಿದವಳು ಶಿವರಂಜನಿ, ಕಸ್ತೂರೆಮ್ಮನ ಮಗಳು. ಇಲ್ಲಿ ಮಧ್ಯಾಹ್ನದ ಬಿಸಿಲು ಅಂಗಳದ ಕಲ್ಲನ್ನು ಕಾಯಿಸುತ್ತಿತ್ತು. ಅಲ್ಲಿ ಅವರ ಬೆನ್ನ ಹಿಂದಿನ ಕಿಟಕಿಯಲ್ಲಿ ಆಗತಾನೆ ಬೆಳಕು ಹರಿಯುತ್ತಿತ್ತು.

ಸಿಂಧನೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ವಿರೇಶನಿಗೆ ಬ್ರೀಡಾಳ ಇಂಗ್ಲಿಷಿನಲ್ಲಿ ತಿಳಿದದ್ದು ‘ಮಳೆ’ ಎಂಬ ಒಂದೇ ಶಬ್ದ. ಉಳಿದದ್ದೆಲ್ಲ ಕಾಲುವೆಗೆ ನೀರು ಬಿಟ್ಟಂತೆ ಸರ್ರನೆ ಹರಿದುಹೋಗಿತ್ತು.

“ಅಲ್ಲಿ ಮಳಿ ಚಲೋ ಆಗೇತಂತ, ಅತ್ತಿ. ನಿಮ್ಮ ಕಡಿ ಹೆಂಗ ಅಂತ ಕೇಳಾಕತ್ತಾಳ.”

“ಇಷ್ಟೊತ್ತು ಮಾತಾಡಿದ್ದು ಬರೇ ಮಳಿ ಸುದ್ದೀನಾ?”

“ಅಲ್ಲಿ ಮಳಿ ಭಾಳ ನಮೂನಿ ಇರತಾವ ಅತ್ತಿ. ಒಂದೊಂದಕ್ಕ ಒಂದೊಂದು ಹೆಸರು.”

ಫೋನಿನೊಳಗೆ ಶಿವರಂಜನಿಯ ಭುಜಗಳು ನಗೆಯಿಂದ ಕುಲುಕಿದವು. ಅವಳು ಬಾಯಿ ಬಿಟ್ಟಿದ್ದರೆ ಅರೆಕ್ಷಣದಲ್ಲಿ ಎಲ್ಲ ತಿಳಿಯಾಗುತ್ತಿತ್ತು. ಬ್ರೀಡಾಳ ಊರಿನ ಮುದುಕರ ಆರೈಕೆಯ ಮನೆಯಲ್ಲಿ ನರ್ಸಾಗಿರುವ ಅವಳು ಆ ಮಾತಿನೊಳಗೇ ಮಲಗಿ ಏಳುವವಳು. ಆದರೆ ತನ್ನ ಮದುವೆಯ ಮಾತನ್ನು ಹುಡುಗಿ ತಾನೇ ಆಡಬಾರದು. ನಡುವೆ ಒಬ್ಬರು ಕೂತು ಮಾತು ದಾಟಿಸಬೇಕು, ಆ ಒಬ್ಬರು ತಾಯಿಯ ತವರಿನವರೇ ಆಗಬೇಕು. ಇದು ಕಸ್ತೂರೆಮ್ಮ ಹಾಕಿದ ಕರಾರು. ಅವಳ ಅಣ್ಣ ತೀರಿಹೋಗಿದ್ದ. ತವರು ಅಂದರೆ ಈಗ ಅಣ್ಣನ ಮಗ ವಿರೇಶನೇ.

ಆ ತವರಿಗೆ ಇನ್ನೂ ಒಂದು ಹಕ್ಕಿತ್ತು. ಸೋದರಮಾವನ ಮಗನೆಂದರೆ ಹುಡುಗಿಯ ಮೇಲೆ ಮೊದಲ ಮಾತು ಅವನದು. ಅವನು ಬೇಡವೆಂದ ಮೇಲೆಯೇ ಹೊರಗಿನವರು ಕೇಳಬೇಕು. ಶಿವರಂಜನಿ ತೊಟ್ಟಿಲಲ್ಲಿದ್ದಾಗಿನಿಂದ ಹೆಂಗಸರು ವಿರೇಶನನ್ನು “ಏನಲೇ, ನಿನ್ನ ಹೇಣ್ತಿ ಅಳಾಕತ್ತಾಳ, ತೂಗು ಬಾ” ಎಂದು ಕಾಡುತ್ತಿದ್ದರು. ಅವನೂ ತೂಗುತ್ತಿದ್ದ, ಊರಗೌಡರ ದನಿಯಲ್ಲಿ ಕೆಮ್ಮುತ್ತ, ಎಲ್ಲರನ್ನೂ ನಗಿಸುತ್ತ. ದೊಡ್ಡವನಾದ ಮೇಲೆ ಒಮ್ಮೆ ಮಾತ್ರ ಆ ಮಾತನ್ನು ಅವನು ಬಾಯಿಬಿಟ್ಟು ಆಡಿದ್ದ. ಲಿಂಗಸುಗೂರಿನ ಬಸ್ಸಿನಲ್ಲಿ ಇಬ್ಬರೂ ನಿಂತು ಬರುತ್ತಿದ್ದಾಗ ಮೂಗು ಹಿಡಿದುಕೊಂಡು, ಕಂಡಕ್ಟರನ ದನಿಯಲ್ಲಿ ಕೇಳಿದ್ದ: “ಯಾರ್ರೀ ಟಿಕೀಟು, ಯಾರ್ರೀ ಟಿಕೀಟು! ಏ ತಂಗಿ, ನಮ್ಮ ಮನಿತನಾ ಒಂದು ಟಿಕೀಟು ಹರೀಲೇನು? ವಾಪಸ್ ಬರೋದು ಸಿಗಂಗಿಲ್ಲ ನೋಡು!” ಶಿವರಂಜನಿ ಸೀಟಿನ ಸರಳು ಹಿಡಿದು ಕಣ್ಣಲ್ಲಿ ನೀರು ಬರುವ ತನಕ ನಕ್ಕಿದ್ದಳು. ಖರೇ ಕಂಡಕ್ಟರನೂ ನಕ್ಕಿದ್ದ. ಮಸ್ಕಿ ಬರುವ ಹೊತ್ತಿಗೆ ವಿರೇಶನೂ ನಗುತ್ತಿದ್ದ. ಆಮೇಲೆ ಅವಳು ನರ್ಸಿಂಗ್ ಓದಲು ರಾಯಚೂರಿಗೆ ಹೋದಳು, ಅಲ್ಲಿಂದ ಸಮುದ್ರ ದಾಟಿದಳು.

ಮದುವೆಯ ಮಾತು ಎದ್ದ ದಿನದಿಂದ ಅವನು ಐರ್ಲೆಂಡನ್ನು ಓದತೊಡಗಿದ್ದ. ಯಾರಾದರೂ ಕೇಳಿದರೆ ಅತ್ತೆಗಾಗಿ ಅನ್ನುತ್ತಿದ್ದ. ನಿಜವಾಗಿ ಅವನು ಓದುತ್ತಿದ್ದದ್ದು ದೋಷ ಹುಡುಕಲಿಕ್ಕೆ. ಸಿಕ್ಕದ್ದು ಬೇರೆ. ಅಲ್ಲಿಯ ಹೊಲಗಳಿಗೆ ಸುಣ್ಣ, ಗಾರೆ ಏನೂ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿದ ಗೋಡೆಗಳಂತೆ. ಮಸ್ಕಿಯ ಗುಡ್ಡದ ಬುಡದಲ್ಲಿ ಅಂಥವು ಬೇಕಾದಷ್ಟಿದ್ದವು. ಬಾವಿಯ ಪಕ್ಕದ ಮರಕ್ಕೆ ಹರಕೆಯ ಬಟ್ಟೆತುಂಡು ಕಟ್ಟುತ್ತಾರಂತೆ. ಹೊಲದ ನಡುವೆ ಒಂಟಿಯಾಗಿ ನಿಂತ ಮುಳ್ಳಿನ ಮರವನ್ನು ಯಾರೂ ಕಡಿಯುವುದಿಲ್ಲವಂತೆ, ಅದರ ಬುಡದಲ್ಲಿ ಕಣ್ಣಿಗೆ ಕಾಣದ ಸಣ್ಣ ಜನ ಇರುತ್ತಾರಂತೆ. ಯಾರಾದರೂ ಸತ್ತರೆ ಹೆಣವನ್ನು ಒಂಟಿಯಾಗಿ ಬಿಡದೆ ಊರೆಲ್ಲ ಕೂತು ಚಹಾ ಕುಡಿಯುತ್ತ, ಸತ್ತವನ ಚೇಷ್ಟೆಗಳನ್ನೇ ನೆನೆಸಿ ನಗುತ್ತಾರಂತೆ. ದೋಷ ಹುಡುಕಲು ಹೋದವನ ಕಣ್ಣಲ್ಲಿ ಆ ದೇಶ ಮೆಲ್ಲಗೆ ಮನೆ ಮಾಡಿತು. ಬೆಳಗಿನ ಮಂಜಿನಲ್ಲಿ ಬೈಕಿನ ಮೇಲೆ ಗದ್ದೆಗಳ ನಡುವೆ ಬರುವಾಗ, ನಾಟಿ ಹಾಕಿದ ಹಸಿರು ಎಲ್ಲಿ ಮುಗಿದು ಆ ಹಸಿರು ಎಲ್ಲಿ ಶುರುವಾಗುತ್ತದೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಜವಳಗೇರಾದ ಕಡೆಯಿಂದ ಬರುವ ಟ್ರ್ಯಾಕ್ಟರಿನ ಸದ್ದು ದೂರದ ಕಡಲಿನಂತೆ ಕೇಳುತ್ತಿತ್ತು. ಗದ್ದೆಯ ಬದುವಿನ ಮೇಲೆ ಒಬ್ಬಳು ಶಾಲು ಹೊದ್ದು ನಡೆದುಹೋದಂತಾಗಿ, ತಿರುಗಿ ನೋಡಿದರೆ ಬೆಳ್ಳಕ್ಕಿ ಇರುತ್ತಿತ್ತು.

“ಲೇ, ಎಲ್ಲಿ ಹೋದಿ?” ಅತ್ತೆ ಅವನ ತೊಡೆಗೆ ಚಿವುಟಿದಳು. “ಆಕಿ ಎದ್ದು ಹೊಂಟಾಳಲ್ಲ. ಸಿಟ್ಟು ಬಂತೇನು?”

ಬ್ರೀಡಾ ಫೋನನ್ನು ಕೈಯಲ್ಲಿ ಹಿಡಿದು ನಡೆಯುತ್ತಿದ್ದಳು. ಚಿತ್ರ ಒಮ್ಮೆ ಹೊಯ್ದಾಡಿ ಗೋಡೆಯೊಳಗಿನ ದೊಡ್ಡ ಒಲೆಯೊಂದರ ಮುಂದೆ ನಿಂತಿತು. ಒಲೆಯಲ್ಲಿ ಬರೀ ಬೂದಿ. ಬ್ರೀಡಾ ಚಿಮುಟದಿಂದ ಆ ಬೂದಿಯನ್ನು ಮಗುವಿನ ಹೊದಿಕೆ ಸರಿಸುವಷ್ಟು ಹಗುರವಾಗಿ ಸರಿಸಿದಳು. ಅಡಿಯಲ್ಲಿ ಕೆಂಡ ಕಣ್ಣು ಬಿಟ್ಟಿತು. ಪಕ್ಕದಲ್ಲಿ ಒಟ್ಟಿದ್ದ ಕಂದು ಬಣ್ಣದ ಒರಟು ತುಂಡುಗಳಲ್ಲಿ ಎರಡನ್ನು ತೆಗೆದು ಅದರ ಮೇಲೆ ಒರಗಿಸಿಟ್ಟಳು.

ಕಸ್ತೂರೆಮ್ಮ ಮುಂದಕ್ಕೆ ಬಾಗಿದಳು. “ಅಯ್ಯ ಶಿವನೇ! ಕುಳ್ಳು!”

“ಅತ್ತಿ...”

“ಕುಳ್ಳಲೇ! ನೋಡಿದ್ಯಾ, ಕೆಂಡ ಬೂದ್ಯಾಗ ಮುಚ್ಚಿಟ್ಟು ಮುಂಜಾನಿ ತೆಗಿಯಾಕತ್ತಾಳ, ನಮ್ಮವ್ವ ಮಾಡ್ತಿದ್ದಳಲ್ಲ, ಹಂಗ. ನಾ ಏನೋ ಅಂದ್ಕೊಂಡಿದ್ದೆ, ಬಟನ್ ಒತ್ತೋ ಮಂದಿ ಅಂತ. ಇಷ್ಟು ಕುಳ್ಳು ಒಟ್ಟ್ಯಾರ ಅಂದ್ರ ಎಮ್ಮಿ ಎಷ್ಟಿರಬೇಕು! ಕೇಳು, ಎಮ್ಮಿ ಎಷ್ಟದಾವ, ಯಾರು ತಟ್ಟತಾರ ಕೇಳು.”

ಅದುವರೆಗೆ ಕಂಬಕ್ಕೆ ಒರಗಿ ಸುಮ್ಮನಿದ್ದ ಅವಳ ಗಂಡ ಅಮರಗುಂಡಪ್ಪ ಮೆಲ್ಲಗೆ ಕೆಮ್ಮಿದ.

ಅದು ಸಗಣಿಯ ಕುಳ್ಳಲ್ಲ ಎಂದು ವಿರೇಶನಿಗೆ ಗೊತ್ತಿತ್ತು. ಅವನು ಓದಿದ್ದ. ಜೌಗು ನೆಲವನ್ನು ಉದ್ದನೆಯ ಸಲಿಕೆಯಿಂದ ಇಟ್ಟಂಗಿಯಂತೆ ಕಡಿದು, ಬಿಸಿಲಿಗೆ ಗೂಡು ಗೂಡಾಗಿ ನಿಲ್ಲಿಸಿ ಒಣಗಿಸಿ, ವರ್ಷವಿಡೀ ಉರಿಸುತ್ತಾರೆ. ಅದು ಮಣ್ಣು. ಸಾವಿರಾರು ವರ್ಷ ಕೊಳೆತ ಹುಲ್ಲಿನ ಮಣ್ಣು, ಆದರೂ ಮಣ್ಣು.

ಮಣ್ಣಿನ ವಿಷಯದಲ್ಲಿ ಕಸ್ತೂರೆಮ್ಮ ಎಂಥವಳೆಂದು ಗೊರೇಬಾಳಕ್ಕೆಲ್ಲ ಗೊತ್ತು. ಹಾಸಿಗೆಯಿಂದ ಕಾಲಿಳಿಸುವ ಮೊದಲು ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವಳು. ಅಮರಗುಂಡಪ್ಪ ಕಾಲುವೆ ಮಗ್ಗುಲಿನ ಹೊಲವನ್ನು ಇಟ್ಟಂಗಿ ಭಟ್ಟಿಯವರಿಗೆ ಕೊಡಲು ಹೊರಟಾಗ, “ತಾಯಿನ್ನ ಸುಡಾಕ ಕೊಡ್ತೀ? ಮೊದಲು ನನ್ನ ಸುಡು” ಎಂದು ಬದುವಿನ ಮೇಲೆ ಹೋಗಿ ಕೂತಿದ್ದಳು. ಭಟ್ಟಿಯವರು ಬಂದ ದಾರಿಯಲ್ಲೇ ಹೋಗಿದ್ದರು.

ಈಗ ಅವನು ಮಾಡಬೇಕಾದದ್ದು ಏನೂ ಇರಲಿಲ್ಲ. ಸುಳ್ಳು ಕಟ್ಟಬೇಕಿರಲಿಲ್ಲ, ದನಿ ಬದಲಿಸಬೇಕಿರಲಿಲ್ಲ. ‘ಅದು ಕುಳ್ಳಲ್ಲ ಅತ್ತಿ, ನೆಲ ಕಡಿದು ಸುಡ್ತಾರ’ ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿದರೆ ಸಾಕು. ಮಾತುಕತೆ ಅಲ್ಲಿಗೇ ಮುರಿಯುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಖರೇ ಮಾತು ಅವನ ಕಡೆಗಿತ್ತು.

ಬ್ರೀಡಾಳ ಫೋನು ಮತ್ತೆ ಅವರು ಕೂತ ಬೆಂಚಿನೆದುರು ಬಂದಿತ್ತು. ಶಿವರಂಜನಿ ಈಗ ನಗುತ್ತಿರಲಿಲ್ಲ. ತಲೆ ಎತ್ತಿ ನೇರವಾಗಿ ಅವನನ್ನೇ ನೋಡುತ್ತಿದ್ದಳು. ಡೆಕ್ಲನ್ ಏನೂ ತಿಳಿಯದೆ, ಎಲ್ಲರ ಮುಖ ನೋಡಿ, ಕೊನೆಗೆ ಅವಳ ಶಾಲಿನ ಅಂಚು ಬೆಂಚಿನಿಂದ ಕೆಳಗೆ ಜಾರಿದ್ದನ್ನು ಕಂಡು ಬಾಗಿ ಎತ್ತಿ ಅವಳ ಮಡಿಲಲ್ಲಿ ಇಟ್ಟ. ಅವಳಿಗೆ ಅದು ಗೊತ್ತೂ ಆಗಲಿಲ್ಲ. ದಿನಾ ಇಡುವವನ ಹಾಗೆ ಇಟ್ಟಿದ್ದ.

“ಯಾಕಲೇ, ನಾಲಿಗಿ ಬಿದ್ದೋತೇನು?” ಎಂದಳು ಕಸ್ತೂರೆಮ್ಮ. “ನನ್ನ ತವರಿನ ಕಡಿಂದ ಕುಂತೀ ನೀನು. ನೀ ಏನಂತಿ ಅದ. ಕುಳ್ಳ ಹೌದಲ್ಲ?”

ಅಂಗಳದಾಚೆ ಗದ್ದೆಯ ನೀರು ಹೊಳೆಯಿತು. ವಿರೇಶನಿಗೆ ಒಂದು ಕ್ಷಣ ಇವರೆಲ್ಲ ಒಂದೇ ಅಂಗಳದ ಎರಡು ಕಡೆ ಕೂತಹಾಗೆ, ನಡುವೆ ಬರೀ ಒಂದು ತೆಳ್ಳನೆಯ ಮಳೆ ಬೀಳುತ್ತಿರುವ ಹಾಗೆ ಕಂಡಿತು.

“ಹೌದತ್ತಿ,” ಎಂದ. “ಕುಳ್ಳ. ಎಮ್ಮಿ ಇಲ್ಲ, ಆಕಳು ಅದಾವ. ಎಲ್ಲಾರೂ ಕೂಡಿ ತಟ್ಟತಾರಂತ. ಹುಡುಗಾನೂ ತಟ್ಟತಾನ. ಚಲೋ ಮನಿ ಐತಿ. ಕೊಡ್ರಿ.”

ಹೇಳಿದ ಮೇಲೆ ಅವನಿಗೇ ಆ ದನಿಯ ಗುರುತು ಹತ್ತಲಿಲ್ಲ. ಅದು ಗೌಡರದಲ್ಲ, ಕಂಡಕ್ಟರನದಲ್ಲ, ಕಾಲೇಜಿನ ಪ್ರಿನ್ಸಿಪಾಲರದೂ ಅಲ್ಲ. ಸ್ವಲ್ಪ ಒಡೆದ, ಸಾದಾ ದನಿ.

ಆಮೇಲೆ ಫೋನಿನೊಳಗಿಂದ, ಕಸ್ತೂರೆಮ್ಮನದೇ ರಾಗದಲ್ಲಿ, ಕಸ್ತೂರೆಮ್ಮನ ಹಾಗೆಯೇ ಕೊನೆಯ ಅಕ್ಷರ ಎಳೆದು, ಬ್ರೀಡಾ ಕೇಳಿದಳು:

“ಉಂಡ್ಯೇನಲೇ ವಿರೂ?”

ವಿರೇಶ ಫೋನನ್ನು ನೋಡಿದ. ಅತ್ತೆಯನ್ನು ನೋಡಿದ. ಕಸ್ತೂರೆಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಎದ್ದು, ದೇವರ ಜಗಲಿಯ ಕಡೆ ಓಡಿದಳು. ಬರುವಾಗ ಅವಳ ಕೈಯಲ್ಲಿ ಹಳೆಯ ಕುಬಸದ ಬಟ್ಟೆಯ ಗಂಟಿತ್ತು. ಬಿಚ್ಚಿ ಅವನ ಮಡಿಲಿಗೆ ಹಾಕಿದಳು. ಕಂದು ಬಣ್ಣದ, ನಾರು ನಾರಾದ, ಇಟ್ಟಂಗಿಗಿಂತ ಹಗುರಾದ ಒಂದು ತುಂಡು. ಒಂದು ಮೂಲೆ ಸುಟ್ಟಿತ್ತು. ಮೊದಲ ಮಳೆಗೆ ನೆಂದ ಹೊಲದ ವಾಸನೆ.

“ಹೋದ ಯುಗಾದಿಗೆ ಬಂದಾಗ ಸೀರ್‍ಯಾಗ ಸುತ್ತಿ ತಂದಿದ್ದಳು ನನ್ನ ಮಗಳು,” ಎಂದಳು ಕಸ್ತೂರೆಮ್ಮ ಉಸಿರು ಹಿಡಿಯುತ್ತ. “ಮಣ್ಣು ಉರೀತೈತಿ ಅಂದ್ರ ನಾ ನಂಬಿದ್ದಿಲ್ಲ. ಮೂಲಿ ಹಚ್ಚಿ ತೋರಿಸಿದಳು. ಅವತ್ತಿನಿಂದ ದಿನಾ ಫೋನಿನ್ಯಾಗ ಆ ಬೀಗತಿ ಒಲಿ ಹಚ್ಚೋದ ನೋಡ್ತೀನಿ. ಆಕಿ ನಂದು ನೋಡ್ತಾಳ. ಮಾತು ಏನೂ ಬ್ಯಾಡ ಅದಕ್ಕ. ‘ಉಂಡ್ಯೇನಲೇ’ ಅನ್ನೋದೊಂದು ನಾನ ಕಲಿಸೇನಿ.”

“ಅಲ್ಲತ್ತಿ, ಇಟ್ಟಂಗಿ ಭಟ್ಟಿ...”

“ಭಟ್ಟಿಯವರು ಮಾರಾಕ ಸುಡ್ತಾರ. ಇವರು ಒಲಿಗೆ ಎಷ್ಟು ಬೇಕೋ ಅಷ್ಟು ನೆಲಾನ್ನ ಕೇಳ್ಕೊಂಡು ಕಡೀತಾರ. ಫರಕ್ ಐತಿ.”

“ಮತ್ತ ಈ ನಾಟಕ ಯಾಕಬೇ!”

ಉತ್ತರ ಕೊಟ್ಟವನು ಅಮರಗುಂಡಪ್ಪ. ಮಾತು ಕಮ್ಮಿಯ ಮನುಷ್ಯ. “ನಿನ್ನ ಮನಸು ನೋಯಿಸಿ ಕೊಡಬಾರದು ಅಂತ ನಿಮ್ಮತ್ತಿ ಹಟ. ಕೇಳಿದ್ರ ನೀ ಯಾರದೋ ದನಿಯಾಗ ಹೂಂ ಅಂತಿದ್ದಿ. ಅದು ನಿನ್ನ ಮನಸಿನ ಮಾತು ಹೆಂಗಾಗ್ತೈತಿ?”

ಶಿವರಂಜನಿಗೆ ತಡೆಯಲಾಗಲಿಲ್ಲ. ಕರಾರು ಮುರಿದು ಬಾಯಿಬಿಟ್ಟಳು. “ನಾ ಹೇಳಿದ್ದಿಲ್ಲೇನವ್ವಾ, ವಿರೂ ಮಾವ ನನ್ನ ಸಲುವಾಗಿ ಸುಳ್ಳ ಹೇಳ್ತಾನ ಅಂತ!” ಅವಳು ನಗುತ್ತಿದ್ದಳು, ಮೂಗನ್ನು ಶಾಲಿನಿಂದ ಒರೆಸಿಕೊಳ್ಳುತ್ತಿದ್ದಳು. “ಮಾವ, ಮಳಿ ಬಗ್ಗೆ ಬ್ರೀಡಾ ಏನಂದಿದ್ದಳು ಗೊತ್ತೇನು? ‘ಈ ಹುಡುಗನ ಮಾರಿ ಮಳ್ಯಾಗ ನೆಂದ ಕೋಳಿ ಹಂಗ ಆಗೇತಿ, ಸಾಕು ಬಿಡೂಣು’ ಅಂದಿದ್ದಳು!”

ಮೊದಲು ವಿರೇಶನ ಮೂಗಿನಿಂದ ಒಂದು ಸದ್ದು ಬಂತು. ಆಮೇಲೆ ಹೊಟ್ಟೆಯಿಂದ. ಆಮೇಲೆ ಅವನು ತಡೆಯಲಿಲ್ಲ. ಕಸ್ತೂರೆಮ್ಮನ ಕಿಲಕಿಲ, ಬ್ರೀಡಾಳ ಕೆಮ್ಮಿನಂಥ ನಗೆ, ಯಾಕೆಂದು ತಿಳಿಯದೆಯೂ ನಗುತ್ತಿದ್ದ ಡೆಕ್ಲನ್‌ನ ಗೊಗ್ಗರು ದನಿ, ಎಲ್ಲವನ್ನೂ ಮುಳುಗಿಸಿ ಅವನ ನಗೆ ಪಡಸಾಲೆ ದಾಟಿತು. ಏನಾಯಿತೋ ಎಂದು ಪಕ್ಕದ ಮನೆಯ ವೀರಭದ್ರಮ್ಮ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. “ಇವತ್ತು ಯಾರ ನಗಿ ತಗದೀಯಪ್ಪಾ?” ಎಂದು ಕೇಳಿದಳು.

ವಿರೇಶ ನಗುತ್ತಲೇ ಎದ್ದು ಹಿತ್ತಲಿಗೆ ಹೋದ. ನೀರೊಲೆಯಲ್ಲಿ ಬೆಳಗಿನ ಕುಳ್ಳು ಬೂದಿಯಾಗಿ ಮಲಗಿತ್ತು. ಕುಕ್ಕರಗಾಲಲ್ಲಿ ಕೂತು, ಕಡ್ಡಿಯಿಂದ ಬೂದಿ ಸರಿಸಿ, ಕೈಯಲ್ಲಿದ್ದ ತುಂಡಿನಿಂದ ಒಂದು ಚೂರು ಮುರಿದು ಕೆಂಡದ ಮೇಲಿಟ್ಟು ಊದಿದ. ಹೊಗೆ ಕಣ್ಣಿಗೆ ಬಂತು. ಒರೆಸಿಕೊಂಡು ಮತ್ತೆ ನಕ್ಕ, ಒಳಗಿನವರಿಗೆಲ್ಲ ಕೇಳುವಷ್ಟು ಜೋರಾಗಿ. ಪರದೇಶದ ನೆಲ ಮೆಲ್ಲಗೆ ಹತ್ತಿಕೊಂಡಿತು. ಹೊಗೆ ಒಟ್ಟಿದ ಕುಳ್ಳಿನ ಮೇಲೆ ಹಾದು, ಬೇಲಿ ದಾಟಿ, ನೀರು ನಿಂತ ಗದ್ದೆಯ ಮೇಲೆ ತೆಳ್ಳಗೆ, ಮಂಜಿನ ಹಾಗೆ ಹರಡುತ್ತ ಹೋಯಿತು.