ಕಂಪನಿ ಕೊಡದ ಕನ್ನಡಿ

ತೆಕ್ಕಟ್ಟೆಯ ಪ್ರೇಮಾನಂದ ಶೆಟ್ಟರ ಫಿಯಟ್ ಕಾರಿಗೆ ಎಡಗಡೆ ಕನ್ನಡಿ ಇರಲಿಲ್ಲ. ಹೆಂಡತಿ ಇದ್ದರು.

ಕಾರು ೧೯೬೯ರದ್ದು. ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದಾಗ ಶೆಟ್ಟರು ಅದನ್ನು ದಾದರಿನ ಒಬ್ಬ ಪಾರ್ಸಿ ಮುದುಕರಿಂದ ಕೊಂಡಿದ್ದರು. ಎಂಟು ವರ್ಷಗಳ ಹಿಂದೆ ಹೋಟೆಲನ್ನು ತಮ್ಮನಿಗೆ ಬಿಟ್ಟು ಊರಿಗೆ ಬರುವಾಗ ಕಾರನ್ನೂ ಲಾರಿಗೆ ಹೇರಿಸಿ ತಂದರು. ಅದಕ್ಕೆ ಬಲಗಡೆ ಒಂದು ಕನ್ನಡಿ, ಒಳಗೊಂದು ಕನ್ನಡಿ. ಎಡಗಡೆಯ ಕೆಲಸ ಹೆಂಡತಿ ಕುಸುಮಾವತಿಯದು. ಊರಿಗೆಲ್ಲ ಕುಸುಮಕ್ಕನಾದ ಅವರು ಎಡಗಡೆಯ ಸೀಟಿನಲ್ಲಿ ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿ, ಹಿಂದೆ ನೋಡಿ ಗಂಡನಿಗೆ ವರದಿ ಒಪ್ಪಿಸಬೇಕು. ಬಾಗಿಲಿನ ಹೊರಮೈಗೆ ಅಂಗೈಯಿಂದ ಒಂದು ಪೆಟ್ಟು ಕೊಟ್ಟರೆ ನಿಲ್ಲಿಸಿ ಎಂದು, ಎರಡು ಕೊಟ್ಟರೆ ಹೋಗಿ ಎಂದು ಅರ್ಥ. ನಮ್ಮ ಕಡೆಯ ಖಾಸಗಿ ಬಸ್ಸಿನ ಕಂಡಕ್ಟರುಗಳ ವಿದ್ಯೆಯಿದು. ವ್ಯತ್ಯಾಸವೇನೆಂದರೆ ಕಂಡಕ್ಟರಿಗೆ ಸಂಬಳವೂ ವಾರಕ್ಕೊಂದು ರಜೆಯೂ ಉಂಟು.

ಕಳೆದ ಅಕ್ಟೋಬರಿನಲ್ಲಿ ಕೋಟೇಶ್ವರದ ಸರ್ವಿಸ್ ರಸ್ತೆಯಲ್ಲಿ ಶೆಟ್ಟರು ಕಾರನ್ನು ಎಡಕ್ಕೆ ತಿರುಗಿಸುವುದಕ್ಕೂ, ಕುಸುಮಕ್ಕ ಸೀನುವುದಕ್ಕೂ, ಆ ಬದಿಯಲ್ಲಿ ಒಂದು ಸ್ಕೂಟರ್ ಬರುವುದಕ್ಕೂ ಸರಿಹೋಯಿತು. ಸ್ಕೂಟರಿನ ಹೆಡ್‌ಲೈಟ್ ಒಡೆಯಿತು. ಅದನ್ನು ಓಡಿಸುತ್ತಿದ್ದ ವಿನಯಾ ಎಂಬ ಟೀಚರಿಗೆ ಮೊಣಕೈ ತರಚಿತು, ಅಷ್ಟೇ. ಹತ್ತು ಜನ ಸೇರಿದರು. ಶೆಟ್ಟರು ಕಾರಿನಿಂದ ಇಳಿದು, ಎಲ್ಲರಿಗೂ ಕೇಳುವ ಹಾಗೆ, "ಇವ್ಳ್ ಹೇಳ್ಲಿಲ್ಲೆ, ಎಂತ ಮಾಡುದ್?" ಎಂದರು.

ಟೀಚರು ಒಮ್ಮೆ ಶೆಟ್ಟರನ್ನು ನೋಡಿದರು, ಒಮ್ಮೆ ಕುಸುಮಕ್ಕನನ್ನು. "ಕಾರ್ ಬಿಡುದ್ ಯಾರ್, ನೀವಾ ಅವ್ರಾ?"

ಜನ ನಕ್ಕರು. ಕುಸುಮಕ್ಕನಿಗೆ ನಗು ಬರಲಿಲ್ಲ. ಗಡಿಬಿಡಿಯಲ್ಲಿ ತಲೆ ಒಳಗೆ ಎಳೆದುಕೊಳ್ಳುವಾಗ ಕುತ್ತಿಗೆಯಲ್ಲಿ ಏನೋ ಚಳಕ್ಕೆಂದಿತ್ತು. ಕುಂದಾಪುರದ ಡಾಕ್ಟರು ಎಕ್ಸ್‌ರೇ ನೋಡಿ, ಕುತ್ತಿಗೆಗೆ ಪಟ್ಟಿ ಹಾಕಿಸಿ, "ಎಡಕ್ಕೆ ತಿರುಗಿಸುವ ಅಭ್ಯಾಸ ಜಾಸ್ತಿ ಉಂಟಾ ಅಮ್ಮ? ಇನ್ನು ಬೇಡ. ಇದೇ ಹೀಗೆ ಮುಂದುವರಿದರೆ ಕೈಯ ಬಲ ಹೋಗ್ತದೆ" ಎಂದರು. ಬಲಗೈಯೋ ಎಡಗೈಯೋ ಎಂದು ಶೆಟ್ಟರು ವಿವರವಾಗಿ ಕೇಳಿದರು. ಬಾಗಿಲು ತಟ್ಟುವ ಕೈ ಯಾವುದೆಂದು ಅವರಿಗೆ ಗೊತ್ತಿತ್ತು.

ಅದೇ ಸಂಜೆ ಕುಸುಮಕ್ಕ ವಿಷಯ ಇತ್ಯರ್ಥ ಮಾಡಿದರು. "ಎಡಗಡಿಗ್ ಕನ್ನಡಿ ಹಾಕ್ಸಿ. ಇಲ್ದಿರೆ ನಾ ಆ ಸೀಟಲ್ ಕೂಕಂತಿಲ್ಲೆ."

"ಕಂಪನಿ ಕೊಡ್ಲಿಲ್ಲೆ ಮಾರಾಯ್ತಿ."

"ಕಂಪನಿ ನನ್ನನ್ನೂ ಕೊಡ್ಲಿಲ್ಲೆ. ನಮ್ಮಪ್ಪಯ್ಯ ಕೊಟ್ದ್."

ಶೆಟ್ಟರ ಕಷ್ಟವೂ ಸಣ್ಣದಲ್ಲ. ಅವರು ಹಳೆ ಕಾರು ಬಳಗದ ಅಧ್ಯಕ್ಷರು. ಸದಸ್ಯರು ಹದಿನೇಳು, ಓಡುವ ಕಾರುಗಳು ಹನ್ನೊಂದು, ನಿಯಮ ಒಂದೇ: ಕಂಪನಿ ಕೊಟ್ಟದ್ದಕ್ಕಿಂತ ಹೊರಗೆ ಹೆಚ್ಚು ಕಾಣಬಾರದು. 'ಹೊರಗೆ' ಎಂಬ ಮಾತನ್ನು ಸೇರಿಸಿದವರು ಸ್ವತಃ ಅಧ್ಯಕ್ಷರು. ಏಕೆಂದರೆ ಅವರ ಕಾರಿನೊಳಗೆ ಯಾವುದೋ ಟೆಂಪೊದ ಡೀಸೆಲ್ ಇಂಜಿನ್ ಇತ್ತು. ಹಿಂದಿನ ವರ್ಷದ ರ‍್ಯಾಲಿಯಲ್ಲಿ ಬೈಂದೂರಿನ ಜಿತೇಂದ್ರ ಎಂಬ ಐಸ್ ಪ್ಲಾಂಟಿನ ಮಾಲಿಕ ತನ್ನ ಅಂಬಾಸಿಡರ್ ತಂದಿದ್ದ. ಬಣ್ಣ, ಬಂಪರ್, ಚಕ್ರದ ಮುಚ್ಚಳ ಎಲ್ಲವೂ ಅಚ್ಚುಕಟ್ಟು. ಆದರೆ ಎಡಗಡೆ ಒಂದು ಕನ್ನಡಿ. ಶೆಟ್ಟರು ಅದರತ್ತ ಬೆರಳು ತೋರಿಸಿ, ಸಾರಿನಲ್ಲಿ ಕೂದಲು ಕಂಡವರ ಮುಖ ಮಾಡಿ, ಅವನನ್ನು ಸ್ಪರ್ಧೆಯಿಂದ ಹೊರಗಿಟ್ಟಿದ್ದರು. ಮೊದಲ ಬಹುಮಾನದ ಕಪ್ಪು ಅಧ್ಯಕ್ಷರ ಮನೆಯ ಷೋಕೇಸಿಗೆ ಬಂತು. ಈಗ ಅದೇ ಕನ್ನಡಿ ಅಧ್ಯಕ್ಷರ ಕಾರಿನಲ್ಲಿ ಕಂಡರೆ?

ರ‍್ಯಾಲಿಗೆ ಉಳಿದಿದ್ದದ್ದು ಎಂಟು ದಿನ. ಹೆಂಡತಿ ಕೂರದಿದ್ದರೆ ಶೆಟ್ಟರಿಗೆ ಗೇಟು ದಾಟಲೂ ಧೈರ್ಯವಿಲ್ಲ. ಕೊನೆಗೆ ಇಬ್ಬರೂ ಕೋಟೇಶ್ವರದ ಮಂಜನ ಗ್ಯಾರೇಜಿಗೆ ರಿಕ್ಷಾದಲ್ಲಿ ಹೋದರು.

ಮಂಜ ಮೂವತ್ತು ವರ್ಷ ಕಂಡ ಮೆಕ್ಯಾನಿಕ್. ಎಲ್ಲ ಕೇಳಿ, ಕೈ ಒರೆಸಿಕೊಂಡು ಹೇಳಿದ: "ಶೆಟ್ರೆ, ಇಂಜಿನ್ ಟೆಂಪೊದ್, ರೇಡಿಯೇಟರ್ ಇನ್ನೊಂದ್ರದ್, ಹಾರ್ನ್ ನಾನೇ ಹಾಕಿದ್ದ್, ಬಸ್ಸಿಂದ್. ಕನ್ನಡಿಗ್ ಮಾತ್ರ ಎಂತ ಮಡಿ?"

"ಇಂಜಿನ್ ಹೊರಗ್ ಕಾಂತಿಲ್ಲೆ ಮಂಜ. ಕನ್ನಡಿ ಕಾಂತ್."

"ನನ್ ಕುತ್ಗಿಯೂ ಹೊರಗೇ ಇತ್ತ್," ಎಂದರು ಕುಸುಮಕ್ಕ. "ಅದ್ ಯಾರಿಗೂ ಕಾಣ್ಲಿಲ್ಲೆ."

ಕಾರಿನ ಮೈಗೆ ತೂತು ಹೊಡೆಯಲು ಶೆಟ್ಟರು ಸುತಾರಾಂ ಒಪ್ಪಲಿಲ್ಲ. ಮಂಜ ಬಾಗಿಲಿನ ಅಂಚನ್ನು ಕಚ್ಚಿ ಹಿಡಿಯುವ ಒಂದು ಕ್ಲಾಂಪ್ ಮಾಡಿ, ಕೈಯಲ್ಲೇ ತಿರುಗಿಸಬಹುದಾದ ನಟ್ ಹಾಕಿ, ಅದಕ್ಕೆ ದುಂಡನೆಯ ಕನ್ನಡಿ ಕೂರಿಸಿಕೊಟ್ಟ. ರಸ್ತೆಯಲ್ಲಿ ಹಾಕುವುದು, ತೀರ್ಪುಗಾರರ ಮುಂದೆ ತೆಗೆಯುವುದು. ತೆಗೆದು ಎಲ್ಲಿಡುವುದೆಂಬ ಪ್ರಶ್ನೆಗೂ ಶೆಟ್ಟರಲ್ಲಿ ಉತ್ತರವಿತ್ತು: "ನಿನ್ ಬ್ಯಾಗಲ್."

ಕುಸುಮಕ್ಕ ಒಪ್ಪಿದರು. ಅರ್ಧ ಕನ್ನಡಿಯಾದರೂ ಬಂತಲ್ಲ.

ರ‍್ಯಾಲಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಬ್ರಹ್ಮಾವರದಿಂದ ಹೊರಟಿತು. ಬೈಂದೂರಿನ ಮೈದಾನಕ್ಕೆ ಐವತ್ತನಾಲ್ಕು ಕಿಲೋಮೀಟರ್. ಶೆಟ್ಟರು ಕೋಟು ತೊಟ್ಟಿದ್ದರು. ಕಾರಿನ ಹಿಂದಿನ ಗಾಜಿಗೆ 'ಕಂಪನಿ ಕೊಟ್ಟಂತೆಯೇ' ಎಂಬ ಬಟ್ಟೆಯ ಬ್ಯಾನರ್ ಕಟ್ಟಿಸಿದ್ದರು. ಇದರಿಂದ ಒಳಗಿನ ಕನ್ನಡಿಯಲ್ಲಿ ಆ ಬರಹದ ಬೆನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅದನ್ನು ಅವರು ಗಮನಿಸಲಿಲ್ಲ. ಸದಸ್ಯರಿಗೆ ಎಡಗಡೆ ಕಾಣಬಾರದೆಂದು ಸ್ಪರ್ಧೆಯಲ್ಲಿದ್ದ ಎಲ್ಲರಿಗಿಂತ ಕೊನೆಯಲ್ಲಿ ಹೊರಟರು. ಅವರ ಹಿಂದೆ ಇದ್ದದ್ದು ಜಿತೇಂದ್ರನ ಅಂಬಾಸಿಡರ್ ಒಂದೇ. ಸ್ಪರ್ಧೆಯಿಲ್ಲದವರಿಗೆ ಬಾಲದಲ್ಲಿ ಜಾಗ.

ಕುಂದಾಪುರ ದಾಟುವಷ್ಟರಲ್ಲಿ ಶೆಟ್ಟರಿಗೆ ಹೊಸ ಕನ್ನಡಿಯಲ್ಲಿ ನೋಡುವುದು ತುಸು ರೂಢಿಯಾಯಿತು. "ಹ್ವಾಯ್, ಈ ಬದಿಯಲ್ ಇಷ್ಟೆಲ್ಲ ಗಾಡಿ ಬತ್ತಾ!" ಎಂದು ಎರಡು ಸಲ ಆಶ್ಚರ್ಯಪಟ್ಟರು.

"ಬತ್ತ್," ಎಂದರು ಕುಸುಮಕ್ಕ. "ಇಷ್ಟ್ ದಿನ ನಿಮ್ಗ್ ಹೇಳಿ ಬತ್ತಿದ್ದೊ."

ಮರವಂತೆಯಲ್ಲಿ ಸಮುದ್ರ ಎಡಕ್ಕೆ ಬಂತು. ಈ ರಸ್ತೆಯಲ್ಲಿ ನೂರು ಸಲವಾದರೂ ಹೋಗಿದ್ದ ಕುಸುಮಕ್ಕ ಇಲ್ಲಿ ಕಂಡದ್ದು ಬಸ್ಸುಗಳ ಹಣೆಯ ಬೋರ್ಡುಗಳನ್ನು ಮಾತ್ರ. ಈಗ ಪಟ್ಟಿ ಕಟ್ಟಿದ ಕುತ್ತಿಗೆಯನ್ನು ಕೊಂಕಿಸದೆ, ಇಡೀ ಮೈಯನ್ನೇ ಒಂದಿಷ್ಟು ತಿರುಗಿಸಿ ಕೂತರು. ನೀರು ಹಸಿರಾಗಿತ್ತು. ಮೂರು ದೋಣಿಗಳಿದ್ದವು. ಮುಂಬಯಿಯಿಂದ ಬಂದ ನೆಂಟರೆಲ್ಲ ಈ ಸಮುದ್ರವನ್ನು ಹೊಗಳುವಾಗ ತಾನೂ ಹೌದು ಹೌದು ಎಂದದ್ದು ಬರೀ ಸುಳ್ಳೆಂದು ಅವರಿಗೆ ಅನ್ನಿಸಿತು.

ಕಂಬದಕೋಣೆ ಹತ್ತಿರ ಶೆಟ್ಟರು ಕಾರನ್ನು ಬದಿಗೆ ನಿಲ್ಲಿಸಿದರು. "ತೆಗಿ ಅದನ್ನ."

"ಬೈಂದೂರ್ ಇನ್ನೂ ಎಷ್ಟೋ ದೂರ ಇತ್ತಲೆ."

"ಉಪ್ಪುಂದದಲ್ ನಮ್ ಸೆಕ್ರೆಟ್ರಿ ಫೋಟೊ ತೆಗಿತ್ನ್ ಅಂಬ್ರ್. ಕಂಡ್ರೆ ಮರ್ಯಾದಿ ಹೋಯ್ತ್. ಇನ್ ಸ್ವಲ್ಪ ದೂರ ಅಲ್ದಾ, ನೀನೇ ಒಂಚೂರ್ ಕಾಣ್."

"ಡಾಕ್ಟರ್ ಎಂತ ಹೇಳಿರ್?"

"ಡಾಕ್ಟರ್ ಜಾಸ್ತಿ ತಿರುಗ್ಸುಕಾಗ ಅಂದ್ರ್. ಇದ್ ಜಾಸ್ತಿಯಾ?"

ಕುಸುಮಕ್ಕ ನಟ್ ತಿರುಗಿಸಿ, ಕನ್ನಡಿ ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿಗೆ ಹಾಕಿದರು. ಆಮೇಲೆ ಬಾಗಿಲು ತೆರೆದು ಕೆಳಗಿಳಿದು, ಬಾಗಿಲು ಹಾಕಿದರು. ಹಿಂದೆ ನಿಂತಿದ್ದ ಅಂಬಾಸಿಡರಿನ ಕಿಟಕಿಗೆ ಹೋಗಿ, "ಜಿತೇಂದ್ರ, ಜಾಗ ಇತ್ತಾ?" ಎಂದರು.

"ಬನ್ನಿ ಅಕ್ಕ, ನಮ್ದ್ ಹೇಂಗಿದ್ರೂ ಜಾತಿ ಕೆಟ್ಟ್ ಕಾರ್," ಎಂದ ಅವನು. ಮುಂದಿನ ಸೀಟಿನಲ್ಲಿ ಅವನ ಹೆಂಡತಿ ಶ್ರೀಲತಾ ನೆಲಗಡಲೆ ಸುಲಿಯುತ್ತಿದ್ದಳು. ಎರಡೂ ಕೈಯಿಂದ. ಕುಸುಮಕ್ಕನಿಗೆ ಅದನ್ನು ನೋಡಿಯೇ ಸಮಾಧಾನವಾಯಿತು.

ಶೆಟ್ಟರು ಎರಡು ನಿಮಿಷ ಕಾದರು. ಹಾರ್ನ್ ಮಾಡಿದರು. ಅಂಬಾಸಿಡರ್ ತಮ್ಮನ್ನು ದಾಟಿ ಹೋದದ್ದನ್ನು ಬಲಗಡೆಯ ಕನ್ನಡಿಯಲ್ಲಿ ಸ್ಪಷ್ಟವಾಗಿ ಕಂಡರು. ಬಲಗಡೆ ಅವರಿಗೆ ಯಾವಾಗಲೂ ಸ್ಪಷ್ಟ.

ಹನ್ನೊಂದು ಗಂಟೆಗೆ ಬೈಂದೂರಿನ ಮೈದಾನದಲ್ಲಿ ಎಲ್ಲ ಕಾರುಗಳೂ ಸಾಲಾಗಿ ನಿಂತಿದ್ದವು, ಅಧ್ಯಕ್ಷರದ್ದನ್ನು ಬಿಟ್ಟು. ಉಡುಪಿಯಿಂದ ಬಂದ ಇಬ್ಬರು ತೀರ್ಪುಗಾರರು ಎಳನೀರು ಕುಡಿದು ಮುಗಿಸಿ ಗಡಿಯಾರ ನೋಡಿದರು. ಹನ್ನೊಂದೂಕಾಲಿಗೆ ಕುಸುಮಕ್ಕನ ಫೋನು ಬಡಿದುಕೊಂಡಿತು.

"ಹ್ವಾಯ್, ಎಲ್ಲಿದ್ದೆ?"

"ಮೈದಾನದಲ್. ನೀವ್?"

ಹಿನ್ನೆಲೆಯಲ್ಲಿ ಲಾರಿಗಳ ಸದ್ದು. "ಶಿರೂರ್ ಟೋಲಲ್."

ಬೈಂದೂರಿಗೆ ಇಳಿಯಬೇಕಾದರೆ ಹೆದ್ದಾರಿಯ ಎಡಕ್ಕೆ ಬರಬೇಕು. ಎಡಕ್ಕೆ ಬರಬೇಕಾದರೆ ಎಡಗಡೆ ಏನಿದೆ ಎಂದು ಗೊತ್ತಾಗಬೇಕು. ಶೆಟ್ಟರು ಕಾಣುವ ಬಲಬದಿಯನ್ನೇ ನಂಬಿ ಹಿಡಿದು, ಎಡಕ್ಕೆ ಸಿಗ್ನಲ್ ಹಾಕಿಕೊಂಡು, ಯಾರಾದರೂ ಬಿಟ್ಟಾರೆಂದು ಕಾಯುತ್ತ ಕಾಯುತ್ತ ಬೈಂದೂರನ್ನೇ ದಾಟಿ, ಮುಂದೆ ಟೋಲ್‌ಗೇಟ್ ಅಡ್ಡ ಬಂದಾಗ ನಿಂತಿದ್ದರು.

"ಜಿತೇಂದ್ರನ್ ಕರ್ಕಂಡ್ ಇಲ್ಲಿಗ್ ಬಾ ಮಾರಾಯ್ತಿ. ತಿರುಗ್ಸುಕ್ ಆತಿಲ್ಲೆ. ಹಿಂದಿಂದ್ ಲಾರಿಯವ್ರ್ ಬೈತಿದ್ರ್."

"ಬತ್ತೆ. ನಾಳೆ ಮಂಜನ್ ಹತ್ರ ತೂತ್ ಹೊಡ್ಸ್‌ಕ್. ಕ್ಲಾಂಪ್ ಅಲ್ಲ, ತೂತ್. ಎರಡ್ ಬೋಲ್ಟ್."

"ಬಳಗದ ಸಭೆಯಲ್ ಎಂತ ಹೇಳುದ್ ನಾನ್?"

"ಹಳೇ ಪಾರ್ಟ್ ಹಾಳಾಯ್ತ್, ಸ್ಪೇರ್ ಸಿಕ್ಲಿಲ್ಲೆ ಅಂದ್ ಹೇಳಿ."

ಶೆಟ್ಟರು ಯೋಚಿಸಿದರು. ಒಂದು ಲಾರಿ ಉದ್ದಕ್ಕೆ ಹಾರ್ನ್ ಹಾಕಿತು. ಶೆಟ್ಟರು ಒಪ್ಪಿದರು.

ಸೋಮವಾರ ಮಂಜ ಡ್ರಿಲ್ ಹಿಡಿದಾಗ ಶೆಟ್ಟರು ಗ್ಯಾರೇಜಿನ ಹಿಂಭಾಗಕ್ಕೆ ಹೋಗಿ ನಿಂತರು. ಮಗುವಿಗೆ ಕಿವಿ ಚುಚ್ಚಿಸುವಾಗ ಹೊರಗೆ ಹೋಗುವ ಅಪ್ಪಂದಿರ ಹಾಗೆ. ಎರಡು ತೂತು, ಎರಡು ಬೋಲ್ಟು, ಹತ್ತು ನಿಮಿಷದ ಕೆಲಸ.

ಮುಂದಿನ ಭಾನುವಾರ ಬಳಗದ ಸಭೆ ತೆಕ್ಕಟ್ಟೆಯ ಶೆಟ್ಟರ ಮನೆಯ ಜಗಲಿಯಲ್ಲೇ ನಡೆಯಿತು. ಸೆಕ್ರೆಟರಿ ಅಜಿತ್ ನಿರ್ಣಯ ಓದಿದ: ರಸ್ತೆ ಸುರಕ್ಷತೆಯ ಹಿತದೃಷ್ಟಿಯಿಂದ ಸದಸ್ಯರ ಕಾರುಗಳಿಗೆ ಎಡಗಡೆಯ ಕನ್ನಡಿ ಅಳವಡಿಸಲು ಅವಕಾಶ ನೀಡಲಾಗಿದೆ, ಅಧ್ಯಕ್ಷರು ತಮ್ಮ ಸ್ವಂತ ಕಾರಿಗೆ ಇದನ್ನು ಮೊದಲಾಗಿ ಅಳವಡಿಸಿ ಮಾದರಿಯಾಗಿದ್ದಾರೆ. ಚಪ್ಪಾಳೆ ಬಿತ್ತು.

ಜಿತೇಂದ್ರ ಕೈ ಎತ್ತಿದ. "ಮೊದಲಾಗಿ ಅಂದ್ರೆ ಹ್ಯಾಂಗ್ ಶೆಟ್ರೆ? ಹೋದ್ ವರ್ಷ ನನ್ ಕಾರಿಗ್ ಇದ್ದಿದ್ದ್ ಎಂತ, ತೆಂಗಿನ್‌ಕಾಯಿಯಾ?"

"ನಿರ್ಣಯ ಹಿಂದಿನದಕ್ಕೆ ಅನ್ವಯ ಆತಿಲ್ಲೆ," ಎಂದರು ಶೆಟ್ಟರು, ಗಂಭೀರವಾಗಿ. "ಇವತ್ತಿಂದ ಮಾತ್ರ."

ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಕುಸುಮಕ್ಕ ತಟ್ಟೆಯನ್ನು ಅಲ್ಲೇ ಕಿಟಕಿಯ ದಂಡೆಯ ಮೇಲೆ ಇಟ್ಟರು. ಕುತ್ತಿಗೆಯ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ.

"ಹಾಂಗಾರೆ ಇದನ್ನೂ ಬರ್ಕಣಿ ಅಜಿತ್," ಎಂದರು. "ನನ್ ಕುತ್ಗಿ ಹಾಳಾದ್ದ್ ಹಿಂದೆ. ಅದ್ಕೂ ಅನ್ವಯ ಆತಿಲ್ಲೆ."

ಅಜಿತ್ ಪೆನ್ನು ಎತ್ತಿ ಅಧ್ಯಕ್ಷರ ಮುಖ ನೋಡಿದ. ಅಧ್ಯಕ್ಷರು ಎದ್ದು ಹೋಗಿ, ಯಾರೂ ಹೇಳದೆ, ಚಹಾದ ತಟ್ಟೆಯನ್ನು ತಾವೇ ಎತ್ತಿಕೊಂಡು ಹಂಚತೊಡಗಿದರು. ಮೊದಲ ಲೋಟ ಜಿತೇಂದ್ರನಿಗೆ ಕೊಟ್ಟರು. ಹೋದ ವರ್ಷದ ಬಹುಮಾನದ ಕಪ್ಪು ಮಾತ್ರ ಷೋಕೇಸಿನಲ್ಲೇ ಉಳಿಯಿತು.