ಅನುದಾನಕ್ಕೆ ಇಪ್ಪತ್ತೊಂದು ಸಹಿ

ನರ್ಸಮ್ಮನ ಹತ್ತಿರ ಹಾಜರಿ ಪುಸ್ತಕ ಇರಲಿಲ್ಲ. ಆರು ವರ್ಷದಿಂದ ಅದರ ಅಗತ್ಯವೂ ಬಿದ್ದಿರಲಿಲ್ಲ.

ನಿವೃತ್ತಿಯಾದ ಮೇಲೆ ಅವಳು ಟೈರ್ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ ಹಿಡಿದಿದ್ದಳು. ಗೋದಾಮಿನಲ್ಲಿ ಮೂಟೆ ಹೊರುವವರು ಪಾಳಿ ಮುಗಿಸಿ ಅಲ್ಲಿಗೆ ಬರುತ್ತಿದ್ದರು. ಬೆನ್ನುನೋವಿಗೆಂದು ಶುರುವಾದ ಮಾತ್ರೆ ನೋವು ಹೋದರೂ ಬಿಡುವುದಿಲ್ಲ. ಮೊದಲು ಒಂದು, ಆಮೇಲೆ ನಾಲ್ಕು, ಆಮೇಲೆ ಶೀಟಿಗೆ ಶೀಟು. ಅಲ್ಲಿಗೆ ಮುಟ್ಟುವ ಮೊದಲೇ ಹಿಡಿದು ನಿಲ್ಲಿಸುವುದು ಅವಳ ಕೆಲಸ. ನೆಲದ ಮೇಲೆ ಮಲಗಿಸಿ ವ್ಯಾಯಾಮ ಕಲಿಸುತ್ತಿದ್ದಳು, ಬಾಯಿತುಂಬ ಬೈಯುತ್ತಿದ್ದಳು, ಜೇಬು ಖಾಲಿ ಮಾಡಿಸುತ್ತಿದ್ದಳು. ಹೆಸರು ಮಾತ್ರ ಕೇಳುತ್ತಿರಲಿಲ್ಲ. ಅದಕ್ಕೇ ಅವರು ಬರುತ್ತಿದ್ದುದು. ಅಲ್ಲಿ ಎಲ್ಲರಿಗೂ ಅಡ್ಡಹೆಸರೇ; ಅವಳ ಸ್ವಂತ ಮೈದುನ ಕೂಡ ಬರೀ ಕ್ರೇನು.

ಅಂಗಡಿಯವನು ಬಾಡಿಗೆ ಏರಿಸಿದಾಗ ಪಿಂಚಣಿಯಲ್ಲಿ ಏಗಲಾರದೆ ಅವಳು ಸರ್ಕಾರದ ಪ್ರಾದೇಶಿಕ ಕಚೇರಿಗೆ ಹೋದಳು. ವ್ಯಸನ ತಡೆಯುವವರಿಗೆ ಅಲ್ಲಿ ಅನುದಾನವಿತ್ತು.

"ಎಷ್ಟು ಜನ ಬರ್ತಾರೆ?" ಗುಮಾಸ್ತ ಕೇಳಿದ.

"ಇಪ್ಪತ್ತೊಂದು."

"ಯಾರ್ಯಾರು?"

"ಕ್ರೇನು, ಗಡಿಯಾರ, ಕುಂಭಕರ್ಣ..."

ಗುಮಾಸ್ತ ಪೆನ್ನು ಕೆಳಗಿಟ್ಟ. "ಅಮ್ಮಾ, ಕ್ರೇನಿಗೆಲ್ಲ ಅನುದಾನ ಕೊಡಕ್ಕಾಗಲ್ಲ. ಹೆಸರು, ಸಹಿ, ಕೆಲಸದ ಜಾಗ. ಮೂರೂ ಬೇಕು."

"ಇದನ್ನ ಯಾರು ನೋಡ್ತಾರೆ?"

"ಇನ್ಯಾರು ನೋಡ್ತಾರೆ? ಫೈಲಲ್ಲಿ ಬಿದ್ದಿರುತ್ತೆ."

ಆ ಮಾತನ್ನೇ ಅವಳು ಸಂಜೆ ಕೋಣೆಯಲ್ಲಿ ಹೇಳಿದಳು.

"ಅತ್ತಿಗೆ, ಕೈ ತೋರಿಸಿ ಅವಲಕ್ಷಣ ಅನ್ನಿಸ್ಕೊಳ್ಳೋ ಕೆಲಸ ಇದು," ಎಂದ ಕ್ರೇನು. "ಮ್ಯಾನೇಜರಿಗೆ ಗೊತ್ತಾದ್ರೆ?"

"ಮೂವತ್ತು ವರ್ಷ ನನ್ನ ಬಾಯಿಂದ ಒಬ್ಬ ರೋಗಿ ಹೆಸರೂ ಹೊರಗೆ ಬಿದ್ದಿಲ್ಲ ಕಣೋ."

"ನಿಮ್ಮ ಬಾಯಿಗೆ ಹೆದರಲ್ಲ. ಅವರ ಬಾಯಿಗೆ."

"ಕೋಣೆ ಹೋದ್ರೆ ಎಲ್ಲಿಗೆ ಬರ್ತೀಯ? ನಿನ್ನ ತಲೆ ಮೇಲೆ ಕೂತ್ಕೊಂಡು ವ್ಯಾಯಾಮ ಹೇಳ್ಕೊಡ್ಲಾ? ಹಾಕು, ನಾನಿದ್ದೀನಿ."

"ಬೇಗ ಹಾಕ್ರಪ್ಪಾ, ನನ್ನ ಬಸ್ಸು ಹೋಗುತ್ತೆ," ಎಂದ ಗಡಿಯಾರ. ಎಲ್ಲರೂ ನಕ್ಕರು. ಕಚೇರಿಯನ್ನು ನಂಬಿ ಯಾರೂ ಸಹಿ ಹಾಕಲಿಲ್ಲ. ಅವಳನ್ನು ನಂಬಿ ಇಪ್ಪತ್ತೊಂದು ಜನವೂ ಹಾಕಿದರು.

ಎರಡು ತಿಂಗಳಿಗೆ ಅನುದಾನ ಮಂಜೂರಾಯಿತು. ಆ ವಾರವೇ ಕ್ರೇನು ಬಂದು ಬಾಗಿಲಲ್ಲೇ ನಿಂತು, "ನಿಮ್ಮ ಫೈಲು ಗೋಡೆ ಮೇಲಿದೆ ಅತ್ತಿಗೆ, ಹೋಗಿ ನೋಡ್ಕೊಂಡು ಬನ್ನಿ," ಎಂದ.

ಕಚೇರಿಯ ಫಲಕದಲ್ಲಿ, ಗಾಜಿನ ಹಿಂದೆ, 'ಮಾದಕ ವ್ಯಸನ ತಡೆ ಯೋಜನೆ: ಫಲಾನುಭವಿಗಳು' ಎಂದು ಪಟ್ಟಿ ಅಚ್ಚುಕಟ್ಟಾಗಿತ್ತು. ಪರವಾನಗಿ ನವೀಕರಿಸಲು ಬಂದಿದ್ದ ಗೋದಾಮಿನ ಮ್ಯಾನೇಜರ್ ಅದನ್ನು ಓದಿ ಹೋಗಿದ್ದ.

"ಫೈಲಲ್ಲಿರುತ್ತೆ ಅಂದ್ರಲ್ಲ?" ಅವಳು ಗುಮಾಸ್ತನನ್ನು ಕೇಳಿದಳು.

"ಫೈಲಲ್ಲೂ ಇದೆ ಅಮ್ಮಾ. ಮಂಜೂರಾದ ಮೇಲೆ ಮೂವತ್ತು ದಿನ ಇಲ್ಲೂ ಹಾಕ್ಬೇಕು, ನಿಯಮ. ಒಂದು ಹೆಸರೂ ತಪ್ಪಾಗದ ಹಾಗೆ ನಾನೇ ಟೈಪ್ ಮಾಡಿದ್ದು."

ಅವನ ದನಿಯಲ್ಲಿ ಕುಹಕವಿರಲಿಲ್ಲ. ಪಟ್ಟಿ ತೆಗೆಯಲು ಅವನಿಗೆ ಅಧಿಕಾರವೂ ಇರಲಿಲ್ಲ.

ಕೋಣೆ ಉಳಿಯಿತು. ಕೆಲಸ ಕಳೆದುಕೊಂಡವರು ಹದಿನಾಲ್ಕು ಮಂದಿ. ಬರುವುದನ್ನು ಬಿಟ್ಟವರು ಹತ್ತೊಂಬತ್ತು. ಮತ್ತೆ ಮಾತ್ರೆಗೆ ಬಿದ್ದವರು, ಅವಳಿಗೆ ಗೊತ್ತಾದ ಮಟ್ಟಿಗೆ, ಮೈದುನನೂ ಸೇರಿ ಎಂಟು.